ಸಹಾಯ ಬೇಕು: ಮಾರಾಟ ಏರಿದ್ದು ಹಬ್ಬದಿಂದಲೋ, ರಿಯಾಯಿತಿಯಿಂದಲೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮಪ್ಪನ ರೆಡಿಮೇಡ್ ಬಟ್ಟೆ ಅಂಗಡಿ ಇದೆ. ಒಂದು ಬ್ರ್ಯಾಂಡಿನ 36 ತಿಂಗಳ ಮಾರಾಟ, ರಿಯಾಯಿತಿ, ಜಾಹೀರಾತು ಖರ್ಚು ಹಾಕಿ ರಿಗ್ರೆಷನ್ (ಯಾವ ಅಂಶಕ್ಕೆ ಮಾರಾಟ ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ) ಮಾಡಿದೆ. ಆರ್-ಸ್ಕ್ವೇರ್ (ಮಾರಾಟದ ಏರಿಳಿತದಲ್ಲಿ ಈ ಲೆಕ್ಕ ವಿವರಿಸುವ ಪಾಲು) ಚೆನ್ನಾಗಿಯೇ ಬಂತು. ಆದರೆ ರಿಯಾಯಿತಿಯ ಪಿ-ವ್ಯಾಲ್ಯೂ 0.05ಕ್ಕಿಂತ ಜಾಸ್ತಿ, ಅಂದರೆ ಅದರ ಪರಿಣಾಮ ಬರೀ ಆಕಸ್ಮಿಕವಲ್ಲ ಅಂತ ಗಟ್ಟಿಯಾಗಿ ಹೇಳಲಾಗದು. ಹಬ್ಬದ ತಿಂಗಳಿಗೆ 1, ಉಳಿದವಕ್ಕೆ 0 ಅಂತ ಡಮ್ಮಿ ಕಾಲಂ ಹಾಕಿದ್ದೇನೆ. ತೊಂದರೆ ಏನೆಂದರೆ, ನಾವು ರಿಯಾಯಿತಿ ಕೊಡುವುದೇ ಯುಗಾದಿ, ದೀಪಾವಳಿಗೆ. ಎರಡೂ ಒಟ್ಟಿಗೆ ಏರಿಳಿದರೆ ಯಾವುದರ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ ಅಲ್ವಾ? ಅಂಶಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ ಅಂತ ಅಳೆಯುವ ವಿಐಎಫ್ ಕೂಡ 10 ದಾಟಿದೆ, ಅದು ತುಂಬಾ ಜಾಸ್ತಿ.

ನಮ್ಮೂರ ದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದಕ್ಕೆ ಬೇರೆ ಡಮ್ಮಿ ಬೇಕಾ, ಇಷ್ಟು ಕಡಿಮೆ ತಿಂಗಳ ಲೆಕ್ಕದಲ್ಲಿ ಅದರ ಫಲಿತಾಂಶ ನಂಬಬಹುದಾ?

ರಿಯಾಯಿತಿ ಮಾರಾಟ ಏರಿಸಿದರೂ ಲಾಭ ತಿನ್ನುತ್ತದೆ. ಹಾಗಾಗಿ ಲಾಭಕ್ಕೆ ಬೇರೆ ಮಾಡೆಲ್ ಮಾಡಲಾ? ದೀಪಾವಳಿ ಸರಕು ತರಿಸುವ ಮುಂಚೆ ಅಪ್ಪನಿಗೆ ಸರಿಯಾದ ಉತ್ತರ ಹೇಳಬೇಕು. ಬಲ್ಲವರು ದಯವಿಟ್ಟು ತಿಳಿಸಿ.