ಹ್ಯಾಮಕ್ ಸ್ಟ್ಯಾಂಡ್ ಮೇಲೆ ತಾಡಪಾಲು: ನಡುವೆ ನೀರು ನಿಲ್ಲದ ಹಾಗೆ ಕಟ್ಟೋದು ಹೇಗೆ?

ಅಂಗಳದಂಚು:
ತೀರ್ಥಹಳ್ಳಿ ಕಡೆ ಹೆಂಚಿನ ಮನೆ. ಅಂಗಳದಲ್ಲಿ ಮರ ಇಲ್ಲ, ಅದಕ್ಕೇ ಬಿಚ್ಚಿ ಜೋಡಿಸೋ ಕಬ್ಬಿಣದ ಸ್ಟ್ಯಾಂಡ್ ಇಟ್ಟಿದ್ದೇವೆ. ಉದ್ದ 9 ಅಡಿ, ಕೊಕ್ಕೆ ನೆಲದಿಂದ 4 ಅಡಿ. ಅದಕ್ಕೆ ಹತ್ತಿ ಬಟ್ಟೆಯ ಹ್ಯಾಮಕ್, ಅಂದರೆ ಮಲಗೋ ಜೋಲಿ. ಸ್ಟ್ಯಾಂಡಿನ ಎರಡು ತೋಳಿಗೂ ಬಿದಿರ ಕೋಲು ಬಿಗಿದು, ತುದಿಯಿಂದ ತುದಿಗೆ ನೈಲಾನ್ ಹಗ್ಗ ಎಳೆದು, ಅದರ ಮೇಲೆ 12 ಅಡಿಗೆ 9 ಅಡಿಯ ನೀಲಿ ತಾಡಪಾಲು (120 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 120 ಗ್ರಾಂ) ಹಾಕಿದ್ದೇನೆ. ಖಾಲಿ ಇದ್ದಾಗ ಬಿಗಿಯಾಗೇ ಇರುತ್ತೆ. ಯಾರಾದರೂ ಮಲಗಿದ ಕೂಡಲೇ ಹೊಟ್ಟೆ ಬಿಡುತ್ತೆ, ಅಲ್ಲೇ ನೀರು ನಿಲ್ಲುತ್ತೆ. ಮೇಲಿಂದ ಸೋರದಿದ್ದರೂ ತಲೆ ಕಡೆ ಬಟ್ಟೆ ಒದ್ದೆ. ದಪ್ಪ ತಾಡಪಾಲು ತಂದರೆ ಸರಿಹೋದೀತಾ?

ಗೂಟಹಗ್ಗ:
ದಪ್ಪದ್ದು ತಂದರೆ ಹೊಟ್ಟೆಯೂ ದಪ್ಪ ಆಗುತ್ತೆ, ಅಷ್ಟೇ. ತಪ್ಪು ಇರೋದು ಕಟ್ಟಿದ ಜಾಗದಲ್ಲಿ. ಮಲಗಿದಾಗ ಸ್ಟ್ಯಾಂಡಿನ ತೋಳುಗಳು ಒಳಕ್ಕೆ ಬಾಗುತ್ತವೆ, ಬಾಗಲೇಬೇಕು. 9 ಅಡಿ ಹಗ್ಗದ ಎರಡು ತುದಿ ಬರೀ 2 ಇಂಚು ಹತ್ತಿರ ಬಂದರೂ ನಡುವೆ ಸುಮಾರು 9 ಇಂಚು ಜೋಲುತ್ತೆ. ನೀವು ತೋಳಿನ ಮೇಲೆ ಕೋಲು ಬೇರೆ ಏರಿಸಿದ್ದೀರಿ, ಕೋಲಿನ ತುದಿ ತೋಳಿಗಿಂತ ಹೆಚ್ಚೇ ಓಲಾಡುತ್ತೆ. ಆಮೇಲೆ ನೀರಿನ ತೂಕ: ಒಂದು ಚದರ ಮೀಟರಿನಲ್ಲಿ 5 ಸೆಂ.ಮೀ. ನಿಂತರೆ 50 ಕೆ.ಜಿ. ಅಷ್ಟೂ ಭಾರ ಮಲಗಿದವರ ತಲೆ ಮೇಲೆ.

ತಾಡಪಾಲಿಗೂ ಸ್ಟ್ಯಾಂಡಿಗೂ ಸಂಬಂಧವೇ ಇರಬಾರದು. ಎರಡು ಬೇರೆ ಗಳ ನಿಲ್ಲಿಸಿ. 7.5 ಅಡಿ ಬಿದಿರು, ಒಂದಡಿ ಹೂತು ನೆಲದ ಮೇಲೆ 6.5 ಅಡಿ ಉಳಿಸಿ. ಸ್ಟ್ಯಾಂಡಿನ ಎರಡೂ ತುದಿಯಿಂದ ಎರಡೆರಡು ಅಡಿ ಆಚೆ, ಅಂದರೆ ಗಳದಿಂದ ಗಳಕ್ಕೆ 13 ಅಡಿ. ಬಿದಿರಿನ ತುದಿಯನ್ನು ಗಣ್ಣಿಗಿಂತ ಸ್ವಲ್ಪ ಮೇಲೆ ಕುಯ್ದು ಅಲ್ಲಿ ಕಚ್ಚು ಕೊಡಿ. ಬಿದಿರು ಸೀಳಿದರೂ ಗಣ್ಣಲ್ಲಿ ನಿಲ್ಲುತ್ತೆ.

ನಡುಹಗ್ಗ ಒಂದೇ ತುಂಡು ಇರಲಿ: ಒಂದು ಗೂಟದಿಂದ ಹೊರಟು ಎರಡು ಗಳದ ಕಚ್ಚಿನ ಮೇಲೆ ಹಾದು ಆಚೆ ಗೂಟಕ್ಕೆ. ಗೂಟ ಗಳದಿಂದ 6.5 ಅಡಿ ದೂರ, ಆಗ ಹಗ್ಗ 45 ಡಿಗ್ರಿಯಲ್ಲಿ ಇಳಿಯುತ್ತೆ. ಲೆಕ್ಕ ಹಾಕಿದರೆ 31 ಅಡಿ ಚಿಲ್ಲರೆ, ಗಂಟಿಗೂ ಸೇರಿ 40 ಅಡಿ ತನ್ನಿ. ಗೂಟ ಒಂದೂವರೆ ಅಡಿಯಾದರೂ ಇರಲಿ, ತಲೆ ಗಳದಿಂದ ಆಚೆಗೆ ವಾಲಿರಲಿ. ಮಳೆಗೆ ಮೆತ್ತಗಾದ ಮಣ್ಣಲ್ಲಿ ನೆಟ್ಟಗೆ ಹೊಡೆದ ಗೂಟ ಕಿತ್ತು ಬರುತ್ತೆ.

ತಾಡಪಾಲು 12 ಅಡಿಗೆ 12 ಅಡಿ. ನಡುಹಗ್ಗದ ಮೇಲೆ ಹಾಕಿದರೆ ಆಚೆ ಈಚೆ 6 ಅಡಿ ಬರುತ್ತೆ. 45 ಡಿಗ್ರಿ ಇಳಿಸಿದರೆ ಅಂಚು ನೆಲದಿಂದ ಎರಡೂಕಾಲು ಅಡಿಯಲ್ಲಿ ನಿಲ್ಲುತ್ತೆ. ನಿಮ್ಮ 9 ಅಡಿ ಅಗಲದ್ದರಲ್ಲಿ ಒಂದು ಮಗ್ಗುಲಿಗೆ ನಾಲ್ಕೂವರೆ ಅಡಿ ಮಾತ್ರ. ಇರಚಲು ತಡೆಯಲು ಅದು ಸಾಲದು.

ಲಾರಿಗಂಟು:
ಹಗ್ಗದ ವಿಷಯ ಸೇರಿಸ್ತೀನಿ. ನೈಲಾನ್ ನೀರು ಕುಡಿದು ಹಿಗ್ಗುತ್ತೆ. ಸಂಜೆ ಬಿಗಿದದ್ದು ರಾತ್ರಿ ಮಳೆಗೆ ಸಡಿಲ. ಪಾಲಿಯೆಸ್ಟರ್ ಸಿಕ್ಕರೆ 6 ಮಿ.ಮೀ. ತಗೊಳ್ಳಿ. ಇಲ್ಲದಿದ್ದರೆ ನೈಲಾನನ್ನೇ ಒದ್ದೆ ಮಾಡಿ ಕಟ್ಟಿ.

ಬಿಗಿಯೋದಕ್ಕೆ ಲಾರಿಯವರು ಲೋಡಿಗೆ ಹಾಕೋ ಗಂಟು ಸಾಕು. ಗೂಟಕ್ಕಿಂತ ಎರಡಡಿ ಮೇಲೆ ಹಗ್ಗದಲ್ಲೇ ಒಂದು ಕುಣಿಕೆ ಮಾಡಿ. ತುದಿಯನ್ನು ಗೂಟಕ್ಕೆ ಸುತ್ತಿ ಮೇಲೆ ತಂದು ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಜಗ್ಗಿ. ಕುಣಿಕೆ ಹತ್ತಿರ ಬೆರಳಲ್ಲಿ ಅದುಮಿ ಹಿಡಿದು ಎರಡು ಅರೆಗಂಟು ಹಾಕಿ. ಎರಡನೇದನ್ನು ಮಡಿಸಿ ಹಾಕಿದರೆ ಎಳೆದ ಕೂಡಲೇ ಬಿಚ್ಚುತ್ತೆ. ಒದ್ದೆ ಕೈಯಲ್ಲಿ ಗಂಟು ಬಿಡಿಸೋ ಕರ್ಮ ಬೇಡ.

ತಲೆ ಕಡೆ ಒದ್ದೆ ಆಗೋದು ಹಗ್ಗದಿಂದ. ತೋಳಿನ ಮೇಲೆ ಬಿದ್ದ ನೀರು ಕೊಕ್ಕೆ, ಹಗ್ಗ ಹಿಡಿದು ಬಟ್ಟೆಗೆ ಇಳಿಯುತ್ತೆ. ಕೊಕ್ಕೆಯಿಂದ ನಾಲ್ಕು ಬೆರಳು ಈಚೆ ಹ್ಯಾಮಕ್ ಹಗ್ಗಕ್ಕೆ ಅರ್ಧ ಅಡಿ ಹತ್ತಿ ದಾರ ಬಿಗಿಯಾಗಿ ಕಟ್ಟಿ ಜೋತು ಬಿಡಿ. ಹರಿದು ಬಂದ ನೀರು ದಾರ ಹಿಡಿದು ಅಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತೆ. ನಡುಹಗ್ಗಕ್ಕೂ, ಎರಡೂ ತುದಿಯಲ್ಲಿ ಗಳಕ್ಕೂ ತಾಡಪಾಲಿಗೂ ನಡುವೆ ಉಳಿಯೋ ಅರ್ಧ ಅಡಿ ಜಾಗದಲ್ಲಿ, ಇಂಥದ್ದೇ ದಾರ ಒಂದೊಂದು ಕಟ್ಟಿ.

ತಾರಸಿಮನೆ:
ನಡುವೆ ಬಾಯಿ ಹಾಕ್ತಿದ್ದೀನಿ. ಬೆಂಗಳೂರಲ್ಲಿ ತಾರಸಿ ಮೇಲಾದರೆ ಗೂಟ ಹೊಡೆಯೋ ಹಾಗಿಲ್ಲವಲ್ಲ. ಮರಳು ತುಂಬಿದ ಬಕೆಟ್ ಸಾಕಾ?

ಗೂಟಹಗ್ಗ:
20 ಲೀಟರ್ ಬಕೆಟ್ಟಿಗೆ ಸುಮಾರು 30 ಕೆ.ಜಿ. ಮರಳು ಹಿಡಿಸುತ್ತೆ. ಗಳ ನಿಲ್ಲಿಸೋಕೆ ಸರಿ, ಹಗ್ಗ ಎಳೆದು ಕಟ್ಟೋಕೆ ಸಾಲದು. ಪಾಚಿ ಹಿಡಿದ ತಾರಸಿಯಲ್ಲಿ ಜಾರಿಕೊಂಡು ಬರುತ್ತೆ. ಮೇಲಕ್ಕೆ ಬಿಟ್ಟಿರೋ ಪಿಲ್ಲರ್ ಇದ್ದರೆ ಅದಕ್ಕೆ ಸುತ್ತಿ. ಟ್ಯಾಂಕಿನ ಪಿವಿಸಿ ಪೈಪಿಗೆ ಮಾತ್ರ ಬೇಡ, ಜಾಯಿಂಟ್ ಬಿಡುತ್ತೆ. ಬೆಂಗಳೂರಿನ ಏಪ್ರಿಲ್, ಮೇ ಮಳೆ ಗುಡುಗು ಸಿಡಿಲಿನದ್ದು. ಮೋಡ ಗುಡುಗಿದರೆ ತಾರಸಿ ಬಿಟ್ಟು ಇಳಿಯೋದೇ ಸರಿ, ತಾಡಪಾಲು ಸಿಡಿಲಿಗೆ ಅಡ್ಡ ಬರಲ್ಲ.

ಅಂಗಳದಂಚು:
ಇಬ್ಬರಿಗೂ ಧನ್ಯವಾದ. ಇನ್ನು ಮೂರು ಸಂಶಯ. ಅಂಗಳದ ಒಂದು ಕಡೆ ಧರೆ (ಕಡಿದಾದ ದಿಬ್ಬ), ಬರೀ ಜಂಬಿಟ್ಟಿಗೆ ಕಲ್ಲು, ಮರದ ಗೂಟ ಇಳಿಯಲ್ಲ. ಆ ಹಗ್ಗವನ್ನು ಸೂರಿನ ರೀಪಿಗೆ ಕಟ್ಟಬಹುದಾ? ಎರಡು, ಹಳೇ ತಾಡಪಾಲಿನ ಐಲೆಟ್‌ಗಳು (ಹಗ್ಗ ಕಟ್ಟೋ ತೂತಿನ ಬಳೆಗಳು) ಕಿತ್ತಿವೆ. ಮೂರು, ಯಾವ ದಿಕ್ಕಿಗೆ ಇಳಿಜಾರು?

ಲಾರಿಗಂಟು:
ರೀಪಿಗೆ ಬೇಡವೇ ಬೇಡ. ಗಾಳಿ ಒಂದು ಸಲ ಎತ್ತಿ ಬಡಿದರೆ ರೀಪು ಅಲುಗಿ ಹೆಂಚು ಜಾರುತ್ತೆ. ಧರೆಗೆ ಹಾರೆಯಿಂದ ತೂತು ಮಾಡಿ 16 ಮಿ.ಮೀ. ಕಬ್ಬಿಣದ ಸರಳು ಹೊಡೆಯಿರಿ, ಎರಡಡಿ ಉದ್ದ ಸಾಕು. ಅಂಚಿನಿಂದ ಮೂರಡಿಯಾದರೂ ಒಳಗಿರಲಿ, ನೆನೆದ ಧರೆ ಕುಸಿಯುತ್ತೆ. ತೋಟದ ಅಡಿಕೆ ಮರ ಹತ್ತಿರ ಇದ್ದರೆ ಅದಕ್ಕೇ ಕಟ್ಟಬಹುದು, ಹಗ್ಗದಡಿ ಗೋಣಿಪಟ್ಟಿ ಸುತ್ತಿ. ಗಾಳಿಗೆ ಓಲಾಡೋ ಎಳೆ ಮರ ಬೇಡ.

ಐಲೆಟ್ ಕಿತ್ತ ಕಡೆ ನೆಲ್ಲಿಕಾಯಿ ಗಾತ್ರದ ನುಣುಪು ಕಲ್ಲು ತಗೊಂಡು, ತೂತಿನಿಂದ ನಾಲ್ಕು ಬೆರಳು ಒಳಗೆ ತಾಡಪಾಲಿನ ಕೆಳಮಗ್ಗುಲಲ್ಲಿಟ್ಟು ಮೇಲಿಂದ ಮುದುಡಿ ಹಿಡಿಯಿರಿ. ಕಲ್ಲಿನ ಕುತ್ತಿಗೆಗೆ ಹಗ್ಗ ಎರಡು ಸುತ್ತು ಹಾಕಿ ಬಿಗಿಯಿರಿ. ಎಳೆತ ಒಂದೇ ತೂತಿನ ಮೇಲೆ ಬೀಳಲ್ಲ, ಹೊಸ ಐಲೆಟ್‌ಗಿಂತ ಗಟ್ಟಿ. ಚೂಪು ಕಲ್ಲಾದರೆ ಒಂದೇ ದಿನಕ್ಕೆ ತೂತು.

ಗೂಟಹಗ್ಗ:
ಮುಂಗಾರಿನ ಗಾಳಿ ನೈರುತ್ಯ, ಪಶ್ಚಿಮದಿಂದ. ಸ್ಟ್ಯಾಂಡನ್ನು ಉತ್ತರ ದಕ್ಷಿಣ ಉದ್ದಕ್ಕೆ ಇಡಿ, ಆಗ ತಾಡಪಾಲಿನ ಅಗಲದ ಮಗ್ಗುಲು ಗಾಳಿಗೆ ಎದುರಾಗುತ್ತೆ. ತೆರೆದ ಬಾಯಿ ಗಾಳಿಗೆ ಇಟ್ಟರೆ ಮಳೆ ಒಳಗೇ ನುಗ್ಗುತ್ತೆ. ಪಡುವಣ ಅಂಚು ಎರಡೂಕಾಲು ಅಡಿಯಲ್ಲೇ ಇರಲಿ. ಮೂಡಣ ಅಂಚಿಗೆ ಎರಡು ಕೋಲು ಕೊಟ್ಟು 4 ಅಡಿಗೆ ಎತ್ತಿ, ಹತ್ತಿ ಇಳಿಯೋಕೆ ದಾರಿ. ಅದಕ್ಕಿಂತ ಎತ್ತಿದರೆ ಇಳಿಜಾರು ಸಾಲದು. ಆ ಅಂಚಿನ ಒಂದು ಮೂಲೆ ಅರ್ಧ ಅಡಿ ತಗ್ಗಿಸಿ, ನೀರೆಲ್ಲ ಅಲ್ಲೇ ಇಳಿಯಲಿ. ಅಂಚಿನಡಿ ಅಡಿಕೆ ಸೋಗೆ ಹಾಸಿ, ಮಣ್ಣು ಸಿಡಿದು ಬಟ್ಟೆಗೆ ಹತ್ತಲ್ಲ.

ಅಂಗಳದಲ್ಲೇ ಬಿಡೋದಾದರೆ 200 ಜಿಎಸ್‌ಎಂ ಸರಿ, ಈ ಅಳತೆಗೆ 2.7 ಕೆ.ಜಿ. ಆಗುತ್ತೆ. ಬಟ್ಟೆಯನ್ನು ಮಾತ್ರ ದಿನಾ ಒಳಗೆ ತನ್ನಿ. ಆಷಾಢದ ಥಂಡಿಗೆ ಹತ್ತಿ ಒಣಗೋದೇ ಇಲ್ಲ, ಬೂಷ್ಟು ಹಿಡಿದ ಕಡೆ ದಾರ ಲಡ್ಡಾಗಿ ತೂಕಕ್ಕೆ ಹರಿಯುತ್ತೆ. ಸ್ಟ್ಯಾಂಡಿನ ಜಾಯಿಂಟಿಗೆ ಗ್ರೀಸ್ ಸವರಿಡಿ, ಇಲ್ಲದಿದ್ದರೆ ದೀಪಾವಳಿ ಹೊತ್ತಿಗೆ ತುಕ್ಕು ಕಚ್ಚಿ ಸುತ್ತಿಗೆ ಹುಡುಕಬೇಕು.

ಅಂಗಳದಂಚು:
ಸರಳು, 40 ಅಡಿ ಹಗ್ಗ, 12ಕ್ಕೆ 12. ಬರೆದುಕೊಂಡೆ. ಬಿಚ್ಚೋವಾಗ ಯಾವುದು ಮೊದಲು?

ಲಾರಿಗಂಟು:
ಗಾಳಿ ಇದ್ದರೆ ಮೊದಲು ಮೂಡಣದ ಕೋಲು ತೆಗೆದು ಆ ಅಂಚು ತಗ್ಗಿಸಿ, ಆಮೇಲೆ ಆ ಬದಿಯ ಹಗ್ಗ. ಪಡುವಣದ್ದು ಕೊನೆಗೆ. ಅದನ್ನೇ ಮೊದಲು ಬಿಚ್ಚಿದರೆ ಗಾಳಿ ಅಡಿಯಿಂದ ನುಗ್ಗಿ ಗಳ ಸಮೇತ ಎತ್ತುತ್ತೆ.