ಚಿಕ್ಕ ಮಕ್ಕಳ ಶಿಕ್ಷಣದಲ್ಲಿ ಕೆಲಸ ಹುಡುಕುತ್ತಿದ್ದೇನೆ, ಎಲ್ಲಿಂದ ಆರಂಭಿಸಲಿ?

ಭಾರತಿ, ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕಕ್ಕೆ, ಇಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಹದಿನಾಲ್ಕು ತಿಂಗಳಾಯಿತು. ಊರಿನಲ್ಲಿ ಆರು ವರ್ಷ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳಿದ್ದೇನೆ. ಬಿ.ಎ. ಆಗಿದೆ, ನರ್ಸರಿ ಶಿಕ್ಷಕರ ತರಬೇತಿಯೂ ಆಗಿದೆ. ಎಚ್-4ರಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಅವಲಂಬಿತಳಾಗಿ ಇದ್ದೇನೆ, ಕಳೆದ ತಿಂಗಳು ಕೆಲಸ ಮಾಡುವ ಅನುಮತಿಪತ್ರ ಇಎಡಿ ಕೈಗೆ ಬಂತು. ಮನೆಯ ಹತ್ತಿರದ ಒಂದು ಪ್ರಿಸ್ಕೂಲಿಗೆ ಹೋಗಿ ವಿಚಾರಿಸಿದೆ. "ನಿಮ್ಮಲ್ಲಿ ಇಸಿಇ ಯೂನಿಟ್ ಎಷ್ಟಿವೆ?" ಎಂದು ಕೇಳಿದರು. ಪ್ರಶ್ನೆಯೇ ಅರ್ಥವಾಗಲಿಲ್ಲ, ಸುಮ್ಮನೆ ಎದ್ದು ಬಂದೆ.

ನಮ್ಮ ಓದಿಗೆ ಇಲ್ಲಿ ಬೆಲೆ ಇದೆಯೇ? ಸಿಡಿಎ ಎಂಬ ಶಿಶುಶಿಕ್ಷಣದ ಪ್ರಮಾಣಪತ್ರ ಮಾಡುವುದು ಒಳ್ಳೆಯದೋ, ಕಾಲೇಜಿಗೆ ಸೇರುವುದೋ? ಎನ್‌ಎಇವೈಸಿ ಎಂಬ ಶಿಶುಶಿಕ್ಷಣದ ಸಂಘದ ಸದಸ್ಯಳಾದರೆ ಪ್ರಯೋಜನವಿದೆಯೇ? ಮಗಳಿಗೆ ಮೂರೂವರೆ ವರ್ಷ. ಅವಳನ್ನು ಬೇರೆಯವರ ಕೈಯಲ್ಲಿ ಬಿಟ್ಟು ನಾನು ಬೇರೆಯವರ ಮಕ್ಕಳನ್ನು ನೋಡಲು ಹೊರಡುವುದು ಸರಿಯೇ ಎಂಬುದು ರಾತ್ರಿ ನಿದ್ದೆ ಬಿಡಿಸುವ ಪ್ರಶ್ನೆ.

ರಮೇಶ, ಸ್ಯಾನ್ ರಾಮೋನ್

ತಂಗಿ, ಇಪ್ಪತ್ತೆರಡು ವರ್ಷ ಈ ದೇಶದಲ್ಲಿ ಕಳೆದವನಾಗಿ ಹೇಳುತ್ತೇನೆ, ಈ ದಾರಿ ಬೇಡ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಪ್ರಿಸ್ಕೂಲ್ ಶಿಕ್ಷಕರ ಮಧ್ಯಮ ಸಂಬಳ ವರ್ಷಕ್ಕೆ 37,130 ಡಾಲರ್. ನಮ್ಮ ಕಡೆ ಅದು ಮನೆ ಬಾಡಿಗೆಗೇ ಸರಿಹೋಗುತ್ತದೆ.

ಹಣ ಒತ್ತಟ್ಟಿಗಿರಲಿ. ಮಗುವಿನ ಮೊದಲ ಐದು ವರ್ಷ ಮತ್ತೆ ಸಿಗುವುದಿಲ್ಲ. ನಾವಿಬ್ಬರೂ ಕೆಲಸಕ್ಕೆ ಓಡಿದೆವು, ಮಗ ಡೇಕೇರಿನಲ್ಲಿ ಬೆಳೆದ. ಇಂದು ಅವನಿಗೆ ಹತ್ತೊಂಬತ್ತು ವರ್ಷ, ಅಜ್ಜಿಯ ಜೊತೆ ಫೋನಿನಲ್ಲಿ ಎರಡು ಮಾತು ಆಡಲಾರ. ಅಜ್ಜಿ ಕೇಳುತ್ತಾರೆ, ಅವನು ನಗುತ್ತಾನೆ, ನಾನು ನಡುವೆ ಕುಳಿತು ಅನುವಾದ ಮಾಡುತ್ತೇನೆ. ಮಗಳು ಶಾಲೆಗೆ ಸೇರುವವರೆಗೆ ಮನೆಯಲ್ಲಿರಿ. ಕನ್ನಡ ಕೊಡಿ.

ನಾಗರಾಜ, ಮಿಲ್ಪಿಟಸ್

ರಮೇಶ್ ಸರ್ ಸಂಬಳದ ಬಗ್ಗೆ ಹೇಳಿದ್ದು ನಿಜ. ಸಾಫ್ಟ್‌ವೇರ್ ಪರೀಕ್ಷೆಯ ಕೋರ್ಸ್ ಮಾಡಿ, ಆರು ತಿಂಗಳು ಸಾಕು. ನನ್ನ ಹೆಂಡತಿಯೂ ಶಿಕ್ಷಕಿಯಾಗಿದ್ದವಳೇ, ಈಗ ಮನೆಯಿಂದಲೇ ಕೆಲಸ ಮಾಡುತ್ತಾಳೆ.

ಶೈಲಜಾ, ಸನ್ನಿವೇಲ್

ಭಾರತಿ, ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಸಹಾಯಕಿಯಾಗಿ ಸೇರಿದವಳು ಈಗ ಒಂದು ಕೇಂದ್ರದ ಮೇಲ್ವಿಚಾರಕಿ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಇಸಿಇ ಎಂದರೆ ಶಿಶುಶಿಕ್ಷಣ, ಯೂನಿಟ್ ಎಂದರೆ ಕಾಲೇಜಿನ ಕ್ರೆಡಿಟ್. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪಡೆದ ಖಾಸಗಿ ಕೇಂದ್ರಗಳು ಪೂರ್ಣ ಪ್ರಮಾಣದ ಶಿಕ್ಷಕಿಗೆ ಶಿಶುಶಿಕ್ಷಣದಲ್ಲಿ 12 ಯೂನಿಟ್ ಕೇಳುತ್ತವೆ. ಮಕ್ಕಳ ಬೆಳವಣಿಗೆ, ಮಗು-ಕುಟುಂಬ-ಸಮುದಾಯ, ಪಠ್ಯಕ್ರಮ ಇವು ಅದರಲ್ಲಿ ಇರಲೇಬೇಕು. ಒಂದೊಂದು ಕೋರ್ಸ್ ಸಾಮಾನ್ಯವಾಗಿ 3 ಯೂನಿಟ್, ಅಂದರೆ ನಾಲ್ಕು ಕೋರ್ಸ್. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ನೀವು ಬಂದು ವರ್ಷ ದಾಟಿದೆ, ಎಚ್-4ರವರೂ ನಿವಾಸಿ ದರ ಕೇಳಬಹುದು, ವಾಸದ ದಾಖಲೆಗಳನ್ನು ಜೋಡಿಸಿಕೊಳ್ಳಿ. ಸಂಜೆಯ ತರಗತಿಗಳೂ ಆನ್‌ಲೈನ್ ತರಗತಿಗಳೂ ಇವೆ. 6 ಯೂನಿಟ್ ಮುಗಿದ ಮೇಲೆ ಉಳಿದದ್ದನ್ನು ಓದುತ್ತಲೇ ಕೆಲಸಕ್ಕೆ ಸೇರಲು ಅವಕಾಶವಿದೆ.

ರಾಜ್ಯದ ಚೈಲ್ಡ್ ಡೆವಲಪ್‌ಮೆಂಟ್ ಪರ್ಮಿಟ್ ಬೇರೆ. ರಾಜ್ಯದ ಅನುದಾನ ಪಡೆಯುವ ಕೇಂದ್ರಗಳಿಗೆ ಅದು ಬೇಕು. ಸಹಾಯಕಿ, ಅಸೋಸಿಯೇಟ್ ಟೀಚರ್, ಟೀಚರ್, ಮಾಸ್ಟರ್ ಟೀಚರ್, ಸೈಟ್ ಸೂಪರ್‌ವೈಸರ್, ಪ್ರೋಗ್ರಾಂ ಡೈರೆಕ್ಟರ್ ಎಂದು ಮೆಟ್ಟಿಲುಗಳು. ಟೀಚರ್ ಹಂತಕ್ಕೆ ಶಿಶುಶಿಕ್ಷಣದ 24 ಯೂನಿಟ್ ಜೊತೆಗೆ ಸಾಮಾನ್ಯ ವಿಷಯಗಳ 16 ಯೂನಿಟ್ ಕೇಳುತ್ತಾರೆ. ನಿಮ್ಮ ಬಿ.ಎ. ಉಪಯೋಗಕ್ಕೆ ಬರುವುದು ಇಲ್ಲಿಯೇ. ಮಾನ್ಯತೆ ಪಡೆದ ಸಂಸ್ಥೆಯಿಂದ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ. ಎಂಟು ತಿಂಗಳು ಇದನ್ನು ಮುಂದೂಡಿ ನಾನು ಒಂದು ಸೆಮಿಸ್ಟರ್ ಕಳೆದುಕೊಂಡೆ, ನೀವು ಈ ವಾರವೇ ಶುರು ಮಾಡಿ.

ಬೆರಳಚ್ಚು ಪರಿಶೀಲನೆ, ಕ್ಷಯರೋಗ ಪರೀಕ್ಷೆ, ಲಸಿಕೆ ದಾಖಲೆ, ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ ಇವೆಲ್ಲ ಕೆಲಸಕ್ಕೆ ಸೇರುವಾಗ ಆಗುತ್ತವೆ, ಅವುಗಳ ಚಿಂತೆ ಬೇಡ.

ಸಂದರ್ಶನದಲ್ಲಿ ಎಲ್‌ಕೆಜಿಯಲ್ಲಿ ಎಷ್ಟು ಅಕ್ಷರ ಬರೆಸಿದಿರಿ ಎಂದು ಯಾರೂ ಕೇಳುವುದಿಲ್ಲ. "ಒಂದು ಮಗು ಇನ್ನೊಂದನ್ನು ಕಚ್ಚಿದರೆ ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಕಚ್ಚಿಸಿಕೊಂಡ ಮಗುವಿನ ಕಡೆ ಮೊದಲು ಹೋಗುವುದು, ಕಚ್ಚಿದ ಮಗುವಿಗೆ ಅದರ ಕೋಪವನ್ನು ಮಾತಿನಲ್ಲಿ ಹೇಳಿಕೊಡುವುದು, ಇಬ್ಬರ ತಂದೆತಾಯಿಗೂ ತಿಳಿಸುವುದು, ಆದರೆ ಕಚ್ಚಿದವರ ಹೆಸರು ಹೇಳದಿರುವುದು. ಈ ಕೊನೆಯದನ್ನು ನಾನು ಕೆಲಸಕ್ಕೆ ಸೇರಿದ ಮೇಲೆ ಕಲಿತೆ.

ರಮೇಶ, ಸ್ಯಾನ್ ರಾಮೋನ್

ಶೈಲಜಾ ಅವರೇ, ನಿಮ್ಮ ಮಾಹಿತಿ ಸರಿಯಿರಬಹುದು. ಆದರೆ ಭಾರತಿಯವರ ಮಗಳಿಗೆ ದಿನಕ್ಕೆ ಎಂಟು ಗಂಟೆ ಯಾರು ಮಾತು ಕಲಿಸುತ್ತಾರೆ? ಇಲ್ಲಿ ಯಾರೂ ಅದಕ್ಕೆ ಉತ್ತರ ಕೊಟ್ಟಿಲ್ಲ. ಮನೆಯಲ್ಲಿ ತಾಯಿ ಇಲ್ಲದಿದ್ದರೆ ಕನ್ನಡ ಉಳಿಯುವುದಿಲ್ಲ.

ವೀಣಾ, ಡಬ್ಲಿನ್

ಒಪ್ಪುವುದಿಲ್ಲ ಸರ್. ನಾನು ಹತ್ತು ವರ್ಷ ಪೂರ್ಣಾವಧಿ ಕೆಲಸ ಮಾಡಿದೆ. ಇಬ್ಬರು ಮಕ್ಕಳೂ ಕನ್ನಡ ಓದುತ್ತಾರೆ, ಬರೆಯುತ್ತಾರೆ. ಮನೆಯೊಳಗೆ ಬೇರೆ ಭಾಷೆ ಬೇಡವೆಂದು ನಾವು ಗಟ್ಟಿಯಾಗಿ ನಿಂತೆವು. ಭಾನುವಾರದ ಕನ್ನಡ ತರಗತಿಗೆ ಒಂದು ವಾರವೂ ತಪ್ಪಿಸಲಿಲ್ಲ. ಮತ್ತೆ, ತಾಯಿ ಎಂದೇ ಏಕೆ? ತಂದೆ ಎಲ್ಲಿದ್ದರು?

ರಮೇಶ, ಸ್ಯಾನ್ ರಾಮೋನ್

ಕೆಲಸದಲ್ಲಿದ್ದೆ. ಅದೇ ನನ್ನ ನೋವು. ನಾನು ಮಾಡಿದ ತಪ್ಪನ್ನು ಇನ್ನೊಂದು ಮನೆ ಮಾಡಬಾರದೆಂದು ಬರೆಯುತ್ತಿದ್ದೇನೆ.

ಗೀತಾ, ರಾಲಿ

ನಾನು ನಾರ್ತ್ ಕ್ಯಾರೊಲಿನಾದವಳು, ಸಿಡಿಎ ಮಾಡಿದವಳು. 120 ಗಂಟೆ ತರಬೇತಿ, ಮಕ್ಕಳ ಜೊತೆ 480 ಗಂಟೆ ಅನುಭವ, ಪೋರ್ಟ್‌ಫೋಲಿಯೊ, ತರಗತಿಗೆ ಬಂದು ನೋಡುವ ಪರಿಶೀಲನೆ, ಕೊನೆಗೆ ಪರೀಕ್ಷೆ. ಕೊಡುವುದು ಕೌನ್ಸಿಲ್ ಫಾರ್ ಪ್ರೊಫೆಷನಲ್ ರೆಕಗ್ನಿಷನ್. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಗಂಡನ ಕೆಲಸದ ಹಿಂದೆ ರಾಜ್ಯ ಬದಲಿಸುವ ನಮ್ಮಂಥವರಿಗೆ ದೇಶವಿಡೀ ಗುರುತಿಸುವ ಪ್ರಮಾಣಪತ್ರವೇ ಲೇಸು. ಮೊದಲು ಸಿಡಿಎ ಮಾಡಿ.

ನಾನು ಎರಡು ವರ್ಷ ಕೆಲಸ ಮಾಡಿ ಬಿಟ್ಟೆ. ಮನೆಯಲ್ಲಿ ಎಲ್ಲರೂ ಅದನ್ನು ಆಯಾ ಕೆಲಸ ಎನ್ನುತ್ತಿದ್ದರು, ನಾನೂ ನಂಬಿದೆ. ಈಗ ಕಚೇರಿಯಲ್ಲಿ ಬಿಲ್ ಪರಿಶೀಲಿಸುತ್ತೇನೆ. ಮೊದಲ ದಿನ ಬಾಗಿಲಲ್ಲಿ ಅತ್ತ ಮಗು ಮೂರನೆಯ ವಾರ ಓಡಿಬಂದು ನನ್ನ ಕೈ ಹಿಡಿದದ್ದು ಇನ್ನೂ ನೆನಪಾಗುತ್ತದೆ.

ಸಂಧ್ಯಾ, ಕುಪರ್ಟಿನೊ

ನನಗೆ ಇನ್ನೂ ಇಎಡಿ ಬಂದಿಲ್ಲ. ಆ 480 ಗಂಟೆಯನ್ನು ಸ್ವಯಂಸೇವಕಿಯಾಗಿ ಈಗಲೇ ಮಾಡಬಹುದೇ?

ಶೈಲಜಾ, ಸನ್ನಿವೇಲ್

ಸಂಧ್ಯಾ, ಎಚ್-4ರಲ್ಲಿ ಓದಬಹುದು, ಆದ್ದರಿಂದ ಕೋರ್ಸ್‌ಗಳನ್ನು ಈಗಲೇ ಮಾಡಿ. ಸಂಬಳ ಕೊಡಬೇಕಾದ ಕೆಲಸವನ್ನು ಉಚಿತವಾಗಿ ಮಾಡಿದರೂ ಅದನ್ನು ಕೆಲಸವೆಂದೇ ಎಣಿಸುವ ಅಪಾಯವಿದೆ. ವಲಸೆ ವಕೀಲರನ್ನು ಕೇಳದೆ ಕಾಲಿಡಬೇಡಿ.

ಗೀತಾ, ಸಿಡಿಎ ಒಳ್ಳೆಯದೇ. ಆದರೆ ಕ್ಯಾಲಿಫೋರ್ನಿಯಾದಲ್ಲೇ ಇರುವವರಿಗೆ ಯೂನಿಟ್‌ಗಳೇ ಮುಂದಿನ ಮೆಟ್ಟಿಲಿಗೆ ಒಯ್ಯುತ್ತವೆ. ಇಲ್ಲಿ 2025-26ರಿಂದ ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬಿದ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಟಿಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ವರ್ಷದ ತರಗತಿ ಇದೆ. ಅಲ್ಲಿ ಶಾಲಾ ಶಿಕ್ಷಕರ ವೇತನ ಶ್ರೇಣಿ. ಅದಕ್ಕೆ ಪದವಿಯ ಜೊತೆ ಶಿಕ್ಷಕರ ಕ್ರೆಡೆನ್ಶಿಯಲ್ (ಶಾಲೆಯಲ್ಲಿ ಕಲಿಸಲು ರಾಜ್ಯ ಕೊಡುವ ಅರ್ಹತಾಪತ್ರ) ಬೇಕು, ಪ್ರಿಸ್ಕೂಲಿನಿಂದ ಮೂರನೆಯ ತರಗತಿಯವರೆಗೆ ಕಲಿಸುವ ಹೊಸ ಕ್ರೆಡೆನ್ಶಿಯಲ್ ಕೂಡ ಬಂದಿದೆ. ರಮೇಶ್ ಅವರೇ, ನೀವು ಹೇಳಿದ ಸಂಬಳ ಪ್ರಿಸ್ಕೂಲ್ ಶಿಕ್ಷಕರದು, ಅದು ಕಡಿಮೆ ಎಂಬುದೂ ನಿಜ. ಆ ಅನ್ಯಾಯವನ್ನು ನಾನು ಪ್ರತಿ ತಿಂಗಳೂ ಕಾಣುತ್ತೇನೆ, ಒಳ್ಳೆಯ ಶಿಕ್ಷಕಿಯರು ಬಿಟ್ಟು ಹೋಗುವುದೇ ಅದರಿಂದ.

ಸಂಘದ ವಿಷಯ ಬಿಟ್ಟುಹೋಗಿತ್ತು. ಎನ್‌ಎಇವೈಸಿ 1926ರಷ್ಟು ಹಳೆಯದು, ಕ್ಯಾಲಿಫೋರ್ನಿಯಾದಲ್ಲಿ ಅದರ ಅಂಗಸಂಸ್ಥೆಯೂ ಇದೆ. ಸದಸ್ಯತ್ವದಿಂದ ಕೆಲಸ ಸಿಗುವುದಿಲ್ಲ. ಆದರೆ ಇಲ್ಲಿಯ ಶಿಕ್ಷಕರು ಬಳಸುವ ಮಾತು ನನಗೆ ಬಂದದ್ದು ಅದರ ಪತ್ರಿಕೆಗಳನ್ನು ಓದಿ. ವೃತ್ತಿಯ ನೀತಿಸಂಹಿತೆಯನ್ನು ಅವರ ಜಾಲತಾಣದಲ್ಲಿ ಹಣ ಕೊಡದೆ ಓದಬಹುದು. ಹಸುಗೂಸುಗಳ ತರಗತಿ ಇಷ್ಟವಿದ್ದರೆ 1977ರಲ್ಲಿ ಹುಟ್ಟಿದ ಝೀರೊ ಟು ತ್ರೀ ಸಂಸ್ಥೆಯ ಲೇಖನಗಳನ್ನೂ ನೋಡಿ.

ನಾಗರಾಜ, ಮಿಲ್ಪಿಟಸ್

ಕೋರ್ಸಿನ ವಿವರ ಬೇಕಾದರೆ ನನಗೆ ಸಂದೇಶ ಕಳುಹಿಸಿ.

ಭಾರತಿ, ಫ್ರೀಮಾಂಟ್

ಎಲ್ಲರಿಗೂ ಕೃತಜ್ಞತೆ. ರಮೇಶಣ್ಣ, ನಿಮ್ಮ ಮಾತು ಓದಿ ಒಂದು ದಿನ ಏನೂ ತೋಚಲಿಲ್ಲ. ಮಗಳ ಜೊತೆ ಕನ್ನಡ ಬಿಡುವುದಿಲ್ಲ, ಇದನ್ನು ಮನೆಯವರ ಹತ್ತಿರವೂ ಮಾತಾಡಿದ್ದೇನೆ. ನಿನ್ನೆ ಕಾಲೇಜಿಗೆ ಅರ್ಜಿ ಹಾಕಿದೆ. ಅದೇ ಆವರಣದಲ್ಲಿ ವಿದ್ಯಾರ್ಥಿಗಳ ಮಕ್ಕಳಿಗೂ ಪ್ರಿಸ್ಕೂಲ್ ಇದೆಯಂತೆ. ಶೈಲಜಕ್ಕ, ಮೊದಲ ಸೆಮಿಸ್ಟರಿನಲ್ಲಿ ಎರಡು ಕೋರ್ಸ್ ತೆಗೆದುಕೊಳ್ಳಲೇ, ಮೂರೇ?

ಶೈಲಜಾ, ಸನ್ನಿವೇಲ್

ಎರಡು. ಮಕ್ಕಳ ಬೆಳವಣಿಗೆಯ ಕೋರ್ಸ್ ಮೊದಲು ಇರಲಿ, ಬೇರೆ ಹಲವು ಕೋರ್ಸ್‌ಗಳಿಗೆ ಅದು ಬೇಕಾಗುತ್ತದೆ. ಕಾಲೇಜಿನ ಪ್ರಿಸ್ಕೂಲಿಗೆ ಮಗಳ ಹೆಸರನ್ನು ಇಂದೇ ಬರೆಸಿ, ಸರತಿ ಉದ್ದವಿರುತ್ತದೆ.