ಸಹಾಯ ಬೇಕು: 1628ರ ಬ್ರೆಡಾ ಮುತ್ತಿಗೆ ನಕ್ಷೆಯನ್ನು ಇಂದಿನ ನಕ್ಷೆಗೆ ಹೊಂದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನೆದರ್‌ಲ್ಯಾಂಡ್ಸ್‌ನ ಬ್ರೆಡಾ ಕೋಟೆ ಪಟ್ಟಣಕ್ಕೆ ಸ್ಪೇನ್ ಕಡೆಯ ಸೇನಾಪತಿ ಸ್ಪಿನೋಲಾ 1624ರಲ್ಲಿ ಮುತ್ತಿಗೆ ಹಾಕಿದ. ಗೋಡೆಗೆ ನುಗ್ಗುವ ಬದಲು ಊಟವೇ ಸಿಗದಂತೆ ಮಾಡಿ, 1625ರ ಜೂನ್‌ನಲ್ಲಿ ಪಟ್ಟಣ ಶರಣಾಗುವಂತೆ ಮಾಡಿದ. ಈ ಮುತ್ತಿಗೆಯ ನಕ್ಷೆಯನ್ನು ಜಾಕ್ ಕಾಲೊ ಎಂಬ ಕಲಾವಿದ 6 ತಾಮ್ರದ ಫಲಕಗಳಲ್ಲಿ ಕೊರೆದು, 1628ರಲ್ಲಿ ಅದು ಅಚ್ಚಾಯಿತು. ಎಂಥ ಕೆಲಸ ಅಂತೀರಿ!

ಈ ನಕ್ಷೆಯಲ್ಲಿ ಪಟ್ಟಣದ ಸುತ್ತ ಎರಡು ಸಾಲು ಮಣ್ಣಿನ ದಿಬ್ಬ, ಕಂದಕ ಕಾಣುತ್ತವೆ. ಒಳಸಾಲು ಪಟ್ಟಣದಿಂದ ಯಾರೂ ಹೊರಬರದಂತೆ, ಹೊರಸಾಲು ನೆರವಿಗೆ ಬರುವ ಡಚ್ ಸೈನ್ಯವನ್ನು ತಡೆಯಲು. ಈ ಸಾಲುಗಳು ಇವತ್ತಿನ ಯಾವ ರಸ್ತೆ, ಹೊಲದ ಮೇಲೆ ಬರುತ್ತವೆ ಅಂತ ನೋಡುವ ಆಸೆ ನನಗೆ.

ತೊಡಕು ಇಲ್ಲಿದೆ. ಚಿತ್ರದ ಕೆಳಭಾಗ ಬೆಟ್ಟದ ಮೇಲೆ ನಿಂತು ನೋಡಿದ ಹಾಗಿದೆ, ಜನ, ಕುದುರೆ ಎಲ್ಲ ದೊಡ್ಡದು. ಮೇಲಕ್ಕೆ ಹೋದಂತೆ ನಕ್ಷೆಯಾಗಿಬಿಡುತ್ತದೆ. ಹಾಗಾಗಿ ಒಂದೇ ಅಳತೆ ಎಲ್ಲ ಕಡೆ ಕೂರುವುದಿಲ್ಲ. ದೊಡ್ಡ ಚರ್ಚಿನ ಗೋಪುರ, ಮಾರ್ಕ್ ನದಿ, ಗಿನ್ನೆಕೆನ್ ಮತ್ತು ಟೆಟೆರಿಂಗೆನ್ ಹಳ್ಳಿಗಳನ್ನು ಗುರುತಾಗಿ ಇಟ್ಟುಕೊಳ್ಳಬೇಕು ಅಂದುಕೊಂಡಿದ್ದೇನೆ. ಸಾಕಾಗುತ್ತದಾ?

ಕ್ಯೂಜಿಐಎಸ್‌ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ತಂತ್ರಾಂಶ) ಬಳಸಿ ಹಳೆಯ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸಿ ಅನುಭವ ಇರುವವರು ದಯವಿಟ್ಟು ಹೇಳಿ: ಕೆಳಗಿನ ಫಲಕಗಳನ್ನು ಪೂರ್ತಿ ಬಿಟ್ಟುಬಿಡಲಾ, ಅಥವಾ ಪ್ರತಿ ಫಲಕವನ್ನೂ ಬೇರೆಬೇರೆಯಾಗಿ ಹೊಂದಿಸಲಾ? ಬ್ರೆಡಾ ಹತ್ತಿರ ಇರುವ ಕನ್ನಡಿಗರು ಯಾರಾದರೂ ಇದ್ದರೆ, ಊರಾಚೆ ಹಳೆಯ ದಿಬ್ಬಗಳ ಗುರುತು ಉಳಿದಿದೆಯಾ ತಿಳಿಸಿ. ಫೋಟೋ ಹಾಕಿದರಂತೂ ತುಂಬಾ ಉಪಕಾರ.